ಬಾಗಿಲಲ್ಲಿ ನಿಂತ ತಂಡೇಲ

“ಗುರುಗಳೇ, ಮೈಮೇಲೆ ಬೊಬ್ಬೆ ಎಬ್ಬಿಸುವ ವಿಷವನ್ನು ತೊಳೆದ ಮೇಲೂ ಚರ್ಮ ಬೇಯುತ್ತಲೇ ಇರುತ್ತದೆ. ನೊಂದ ಜೀವಕೋಶಗಳ ಕರೆಗೆ ಬಿಳಿ ರಕ್ತಕಣಗಳು ಓಡಿಬಂದು ಮುತ್ತುತ್ತವೆ, ಊತವೂ ಉರಿಯೂ ಏರುತ್ತವೆ. ಆ ಕಣಗಳು ನಮ್ಮನ್ನು ಕಾಯುವಂಥವು. ಅವನ್ನು ಮದ್ದು ಕೊಟ್ಟು ತಡೆಯಬೇಕೆನ್ನುತ್ತೀರಿ. ಕಾಯುವವರನ್ನು ತಡೆಯುವುದು ಸರಿಯೇ?” ಎಂದು ಶಿಷ್ಯೆ ಮಂದಾಕಿನಿ ಕೇಳಿದಳು.

ವೈದ್ಯಗುರುಗಳು ಹೇಳಿದರು:

ಕಡಲತೀರದಲ್ಲಿ ಒಬ್ಬ ತಂಡೇಲನಿದ್ದ. ದೋಣಿಯೂ ಅದರಲ್ಲಿ ದುಡಿಯುವವರೂ ಅವನ ಹೊಣೆ. ಒಂದು ಬೆಳಿಗ್ಗೆ ಬಲೆಯಲ್ಲಿ ತುಕ್ಕು ಹಿಡಿದ ಡಬ್ಬವೊಂದು ಬಂತು. ಯಾವುದೋ ಹಳೆಯ ಯುದ್ಧ ಮುಗಿದ ಮೇಲೆ ಸೈನಿಕರು ನೀರಿಗೆಸೆದ ವಿಷ ಅದರಲ್ಲಿತ್ತು. ತಂಡೇಲನ ತಮ್ಮ ಅದನ್ನು ಎತ್ತಿದಾಗ ಡಬ್ಬ ಸೀಳಿ, ಎಣ್ಣೆಯಂಥದ್ದು ಅವನ ಕೈಮೇಲೆ ಸುರಿಯಿತು. ನೋವೇನೂ ಆಗಲಿಲ್ಲ. ಆದರೂ ತಂಡೇಲ ತಮ್ಮನ ಅಂಗಿ ಕಳಚಿಸಿ, ಸೋಪು ಹಚ್ಚಿ ಕೈ ತೊಳೆದು, ದೋಣಿಯನ್ನು ದಡಕ್ಕೆ ತಿರುಗಿಸಿದ.

ಊರಿನ ಡಾಕ್ಟರು ತಮ್ಮನ ಕೈಗೆ ಬಟ್ಟೆ ಕಟ್ಟಿದರು. ಬೊಬ್ಬೆ ಎದ್ದರೆ ಯಾರೂ ಮುಟ್ಟಬಾರದು ಎಂದು ಹೇಳಿ ಕಳಿಸಿದರು.

ಮರುದಿನ ಬೊಬ್ಬೆಗಳು ಎದ್ದವು. ತಮ್ಮ ನರಳಿದ. ನರಳಿಕೆ ಕೇಳಿ ಕೇರಿಯೆಲ್ಲ ಓಡಿಬಂತು. ಸೋದರಮಾವ ಬಟ್ಟೆ ಬಿಚ್ಚಿ ಬೂದಿ ಮೆತ್ತಿದ. ಅತ್ತೆ ಸುಣ್ಣ ಹಚ್ಚಿದಳು. ವಿಷ ಒಳಗೇ ಇದೆಯೆಂದು ನೆರೆಯವನೊಬ್ಬ ಬೊಬ್ಬೆ ಒಡೆದು ಹಿಂಡಿದ. ಎಲ್ಲರ ಕಣ್ಣಲ್ಲೂ ನೀರು. ತಂಡೇಲನೂ ಅಳುತ್ತ, ತಮ್ಮ ಕೊಸರದಂತೆ ಭುಜ ಅದುಮಿ ಹಿಡಿದಿದ್ದ.

ಮೂರನೆಯ ದಿನ ಕೈ ಮೊಣಕೈವರೆಗೆ ಊದಿ, ಜ್ವರ ಏರಿತು. ಡಾಕ್ಟರು ಮನೆಗೇ ಬಂದು ನೋಡಿದರು. “ಆ ಎಣ್ಣೆ ಮೊದಲ ದಿನವೇ ತೊಳೆದುಹೋಗಿತ್ತು. ಇನ್ನೊಬ್ಬರು ಮುಟ್ಟಿದರೆ ಕೈ ಕತ್ತರಿಸಬೇಕಾಗುತ್ತದೆ” ಎಂದರು.

ತಂಡೇಲ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲಲ್ಲಿ ನಿಂತ. ಬಂದವರೆಲ್ಲ ಬೈದು ಹಿಂದಿರುಗಿದರು. ಕೊನೆಗೆ ತಾಯಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದಳು.

“ದಾರಿ ಬಿಡು. ನಾನು ಅವನನ್ನು ಹೆತ್ತವಳು.”

“ಇವತ್ತು ಬೇಡಮ್ಮ.”

“ತಮ್ಮ ಸಾಯಲಿ ಅಂತ ನಿಂತಿದ್ದೀಯಾ?”

ಒಳಗೆ ತಮ್ಮ ಅಮ್ಮನನ್ನೇ ಕರೆಯುತ್ತಿದ್ದ. ಡಾಕ್ಟರು ಹೇಳಿದ್ದು ತಪ್ಪಾಗಿದ್ದರೆ ತಾಯಿಯ ಮುಖವನ್ನು ಮತ್ತೆ ನೋಡುವುದು ಹೇಗೆ ಎಂದು ತಂಡೇಲನಿಗೆ ತಿಳಿಯಲಿಲ್ಲ. ತಾಯಿಯ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟ. ಬಾಗಿಲು ಬಿಡಲಿಲ್ಲ. ತಾಯಿ ಹೊಸ್ತಿಲ ಹೊರಗೇ ಕುಸಿದು ಕುಳಿತಳು. ಡಾಕ್ಟರು ಮಾತ್ರ ಬಂದು ಮದ್ದು ಕೊಟ್ಟು ಹೋಗುತ್ತಿದ್ದರು.

ಆರನೆಯ ದಿನ ಊತ ಇಳಿಯಿತು. ಕೈ ಉಳಿಯಿತು. ಎರಡು ಬೆರಳನ್ನು ಮಾತ್ರ ಮತ್ತೆಂದೂ ಮಡಚಲಾಗಲಿಲ್ಲ. ಮಳೆಗಾಲ ಮುಗಿಯುವವರೆಗೂ ತಾಯಿ ಹಿರಿಯ ಮಗನ ಜೊತೆ ಮಾತಾಡಲಿಲ್ಲ.

ಮಂದಾಕಿನಿ, “ವಿಷ ಆ ಎರಡು ಬೆರಳನ್ನು ತಿಂದಿತೇ?” ಎಂದು ಕೇಳಿದಳು.

ಗುರುಗಳು ಹೇಳಿದರು, “ಇಲ್ಲಮ್ಮ, ಅವನ್ನು ತಿಂದವರು ಅವನಿಗಾಗಿ ಅತ್ತವರು.”