ಆವಿಗೆಯ ತಳದ ಗಡಿಗೆಗಳು

"ಉಣ್ಣುವ ಮೊದಲು ಕೈಮುಗಿ ಅನ್ನುತ್ತೀರಿ. ಯಾವ ಭಾಗ್ಯಕ್ಕೆ ಮುಗಿಯಲಿ, ಅಜ್ಜಾರೇ?" ಎಂದು ಗುರುಪಾದ ಮಠದ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಏಳು ತಿಂಗಳಾಗಿತ್ತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದಳು. ದಿನಕರ್ಮ ಮುಗಿದದ್ದೇ ತಡ, ಹೆಣ್ಣುಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೊರಟು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಮುಗಿಯಲು ಹೋದರೆ ಹೊಟ್ಟೆ ಉರಿಯುತ್ತದೆ. ಎಲ್ಲ ಹೋದ ಮೇಲೂ ಉಪಕಾರ ನೆನೆಯುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳಲ್ಲವೇ?"

ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಸುಳ್ಳಿಗೆ ಮುಗಿಯಬೇಡ ಬಿಡು. ಇಲ್ಲಿ ಕೂತು ಕಲ್ಲು ಆರಿಸು, ಒಬ್ಬ ಕುಂಬಾರನ ಕತೆ ಹೇಳುತ್ತೇನೆ" ಎಂದರು.

ಒಬ್ಬ ಕುಂಬಾರನಿದ್ದ. ಕೆಲಸಕ್ಕೆ ಹೆಸರಾದವನು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಆ ಸೀಮೆಯಲ್ಲಿ ಮದುವೆಯೆಂದರೆ ಕುಂಬಾರನ ಮನೆಯಿಂದ ಪೂಜೆಗಿಡುವ ಐದು ಐರಾಣಿ ಗಡಿಗೆ ಬರಲೇಬೇಕು. ಅವು ಬಾರದೆ ಹಂದರದಲ್ಲಿ ಅಕ್ಕಿಕಾಳು ಬೀಳುವಂತಿಲ್ಲ. ಆ ಸಲ ಮದುವೆ ಅವನ ತಂಗಿಯ ಮಗಳದು. ತಂದೆಯಿಲ್ಲದ ಹುಡುಗಿ. ಸೋದರಮಾವನ ಗಡಿಗೆಯೇ ಹಂದರದಲ್ಲಿ ಕೂರಬೇಕೆಂದು ಅವಳ ಆಸೆ, ಅವನದೂ ಅದೇ.

ಗಡಿಗೆ ಸುಡುವ ಆವಿಗೆ ಬಿಚ್ಚುವಾಗ ಅವರಲ್ಲೊಂದು ರೂಢಿ. ಮೊದಲು ಕೈಮುಗಿಯಬೇಕು. ಆಮೇಲೆ ಕೈಯಿಂದಲೇ ಒಂದೊಂದಾಗಿ ತೆಗೆಯಬೇಕು. ಗಟ್ಟಿಯಾಗಿ ಉಳಿದ ಮೊದಲ ಗಡಿಗೆಯನ್ನು ಕಣ್ಣಿಗೊತ್ತಿಕೊಳ್ಳುವ ತನಕ ಒಡೆದದ್ದರ ಮಾತನ್ನು ಯಾರೂ ಎತ್ತುವಂತಿಲ್ಲ.

ಬೆಂಕಿ ಕೊಟ್ಟ ದಿನವೇ ಹಾಳು ಮಳೆ ಸುರಿಯಿತು. ಆವಿಗೆ ಆರಿದ ಮೇಲೆ ಮುಚ್ಚಿದ ಮಣ್ಣು ಸರಿಸಿದರೆ ಮೇಲಿನ ಸಾಲು ಪೂರಾ ಚೂರು. ಮದುವೆಗೆ ಉಳಿದದ್ದು ನಾಲ್ಕೇ ದಿನ.

"ಅಣ್ಣಾ, ಮೊದಲು ಕೈಮುಗಿ" ಎಂದಳು ತಂಗಿ.

"ಯಾತಕ್ಕೆ? ಈ ಬೋಕಿ ಚೂರುಗಳಿಗಾ?" ಎಂದವನೇ ಸಲಿಕೆ ಹಾಕಿ, ಇದ್ದದ್ದನ್ನೆಲ್ಲ ಬಾಚಿ ಬಾಚಿ ತಿಪ್ಪೆಗೆ ಎಸೆದ. ತಂಗಿ ಬೇಡ ಬೇಡವೆಂದು ಸಲಿಕೆ ಹಿಡಿದಳು, ಅವಳನ್ನೂ ನೂಕಿದ.

ಮರುದಿನ ಸುದ್ದಿ ಕೇಳಿ ಪಕ್ಕದೂರಿನ ಮುದುಕ ಬಂದ. ಇವನಿಗೆ ಕಸುಬು ಕಲಿಸಿದವನು. ತಿಪ್ಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ತಿರುವಿ ತಿರುವಿ ನೋಡಿದ. ಎರಡನ್ನು ಆರಿಸಿ ಇವನ ಕೈಗೆ ಕೊಟ್ಟ.

"ಇದರ ಅಂಚು ಮಸಿ ಹಿಡಿದಿದೆ. ಬೆಂಕಿಯಲ್ಲಿ ಒಡೆದದ್ದು. ಇದರ ಅಂಚು ಕೆಂಪಗಿದೆ ನೋಡು, ಮಸಿಯ ಗೆರೆಯೂ ಇಲ್ಲ. ಇದು ಒಡೆದದ್ದು ಆರಿದ ಮೇಲೆ. ಐರಾಣಿ ಗಡಿಗೆ ಎಲ್ಲಿಟ್ಟಿದ್ದೆಯೋ?"

"ತಳದಲ್ಲಿ" ಎಂದ ಕುಂಬಾರ. ಅಂದ ಮೇಲೆಯೇ ಅವನಿಗೆ ಹೊಳೆಯಿತು. ಮಳೆ ಅಲ್ಲಿಯ ತನಕ ಇಳಿದಿರಲೇ ಇಲ್ಲ. "ಅಯ್ಯೋ, ನನ್ನ ಕೈ ಸೇದಿಹೋಗಲಿ!" ಎಂದು ಎರಡೂ ಕೈಯಿಂದ ತಿಪ್ಪೆ ಕೆದಕಿದ. ಸಿಕ್ಕಿದ್ದರಲ್ಲಿ ಕೆಂಪು ಅಂಚಿನ ಚೂರುಗಳೇ ಹೆಚ್ಚು. ಇಡಿಯಾದದ್ದು ಒಂದೂ ಇರಲಿಲ್ಲ. ಮದುವೆಯೇನೋ ನಡೆಯಿತು, ಮುದುಕನ ಮನೆಯ ಗಡಿಗೆಗಳಿಂದ.

ಗುರುಗಳು ಮೊರ ಕೊಡವಿದರು. ಗುರುಪಾದನಿಗೆ ಕುಂಬಾರನ ಮೇಲೆ ಸಿಟ್ಟು ಬಂದಿತ್ತು.

"ಎಂಥ ಹುಚ್ಚನಪ್ಪ! ಮಳೆ ಹಾಳು ಮಾಡಿದ್ದು ಒಂದು ಸಾಲು. ಉಳಿದದ್ದನ್ನು ಬಗ್ಗಿ ನೋಡುವುದು ಬೇಡವೇ?" ಎಂದ.

"ಅದಿರಲಿ, ನಿನ್ನ ಮಗಳಿಗೆ ಹಲ್ಲು ಬಂದವೇ?" ಎಂದರು ಗುರುಗಳು.

ಗುರುಪಾದನಿಗೆ ಗೊತ್ತಿರಲಿಲ್ಲ.