ಓತಿಕ್ಯಾತ ಬೇಲಿ ಮೇಲೆ ದಂಡ ಹೊಡೆಯೋದು ಯಾಕೆ

ಲೋಕಕ್ಕೆ ಹಚ್ಚಿದ ಬಣ್ಣ ಆಗಿನ್ನೂ ಆರಿರಲಿಲ್ಲ. ಬೆಟ್ಟ ಮುಟ್ಟಿದರೆ ಕೈಗೆ ಹಸಿರು ಅಂಟುತ್ತಿತ್ತು. ಇಸ್ಕೂಲು ಅನ್ನೋದು ಹುಟ್ಟೇ ಇರಲಿಲ್ಲ, ಎಂಥಾ ಒಳ್ಳೇ ಕಾಲ!

ಆಗ ಚಿಮ್ಮ ಅಂತ ಒಬ್ಬ ಇದ್ದ. ಹಕ್ಕಿಯಲ್ಲ, ಬಾವಲಿಯೂ ಅಲ್ಲ. ಅವರ್ಯಾರೂ ಇನ್ನೂ ಬಂದೇ ಇರಲಿಲ್ಲ. ಮೈಯೆಲ್ಲ ಓತಿ, ರೆಕ್ಕೆ ಮಾತ್ರ ಹಸಿ ಹಪ್ಪಳದಂಥ ತೆಳು ತೊಗಲು. ಗಾತ್ರ ಅಂಗೈಯಷ್ಟು, ಬಾಯಿ ಊರಗಲ.

ಹಾರುವುದಕ್ಕೆ ಅವನ ಜನಕ್ಕೊಂದು ಪದ್ಧತಿಯಿತ್ತು. ನಾಲ್ಕೂ ಕಾಲೂರಿ, ದಂಡ ಹೊಡೆದ ಹಾಗೆ ಮೈಯನ್ನು ಕೆಳಗೆ, ಮೇಲೆ ಮಾಡಿ, "ಗಾಳಿಯಣ್ಣಾ, ಎತ್ತು!" ಅನ್ನಬೇಕು. ಗಾಳಿಯಣ್ಣ ಓಡಿ ಬಂದು ಎತ್ತಿಕೊಳ್ಳುತ್ತಿದ್ದ.

ಚಿಮ್ಮ ಸುಮ್ಮಸುಮ್ಮನೆ ಕರೆಯುತ್ತಿದ್ದ. ಗಾಳಿಯಣ್ಣ ಕಡಲಾಚೆಯಿಂದ ಏದುಸಿರು ಬಿಡುತ್ತಾ ಬಂದರೆ, "ಏನಿಲ್ಲ ಅಣ್ಣ, ಬೆನ್ನು ತುರಿಸ್ತಿತ್ತು" ಅನ್ನುತ್ತಿದ್ದ.

"ಥೂ ತರಲೆ! ಇನ್ನೊಂದ್ಸಲ ಕರಿ, ಮಾಡ್ತೀನಿ ನಿನಗೆ!"

ಕರೆದರೆ ಮತ್ತೆ ಬರುತ್ತಿದ್ದ. ಪಾಪ, ನಂಬೋ ಮನಸ್ಸು.

ಈ ತರಲೆಗೆಲ್ಲ ಬಿದ್ದು ಬಿದ್ದು ನಗುತ್ತಿದ್ದವಳು ಒಬ್ಬಳೇ, ಗುಡ್ಡಜ್ಜಿ ಅನ್ನೋ ಮುದಿ ಡೈನೋಸಾರು. ಅವಳು ನಕ್ಕರೆ ಕೆರೆ ತುಳುಕುತ್ತಿತ್ತು. ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ ಮೆತ್ತನೆ ಪುಕ್ಕ. ಚಳಿಯಾದರೆ ಚಿಮ್ಮ ಮಲಗುತ್ತಿದ್ದದ್ದು ಅದರೊಳಗೇ.

ಒಂದು ದಿನ ಆಕಾಶ ಢಮಾರ್ ಅಂತು. ಬೂದಿ ಸುರೀತು. ಸುರೀತು, ಸುರೀತು, ನಿಲ್ಲಲೇ ಇಲ್ಲ.

ಮರಳಗುಂಡಿಯಲ್ಲಿ ಗುಡ್ಡಜ್ಜಿಯ ಮೊಟ್ಟೆಗಳಿದ್ದವು, ಇನ್ನೇನು ಒಡೆಯುವಂಥವು. ಬೂದಿ ಮುಚ್ಚಿದರೆ ಒಳಗಿನ ಮರಿಗಳಿಗೆ ಉಸಿರಿಲ್ಲ. ಅಜ್ಜಿ ಬಾಲದಿಂದ ಗುಡಿಸಿದಳು, ಗುಡಿಸಿದಳು, ಕೊನೆಗೆ ಸುಸ್ತಾಗಿ ಕುಸಿದಳು.

ಗಾಳಿಯಣ್ಣ ಬಂದ. "ಹಾರೋರೆಲ್ಲ ಹೊರಟ್ರು ಕಣೋ. ಕಡಲಾಚೆ ಬೂದಿಯಿಲ್ಲ. ಹತ್ತು ಬೇಗ!"

"ಹೋಗು ಮಗಾ," ಅಂದಳು ಅಜ್ಜಿ.

"ಅಣ್ಣ, ಇಲ್ಲೇ ನಿಂತು ಈ ಮೊಟ್ಟೆ ಮೇಲಿನ ಬೂದಿ ಊದಲ್ವಾ?"

"ನಿಲ್ಲೋದು ನನ್ನ ಕೈಲಾಗುತ್ತೇನೋ? ನಿಂತರೆ ನಾನು ಗಾಳಿಯೇ ಅಲ್ಲ. ಹಾರೋರು ಕರೆದ್ರೆ ಮಾತ್ರ, ಅವರು ಹತ್ತೋ ತನಕ ಕಾಯ್ತೀನಿ."

ಚಿಮ್ಮನ ಕಣ್ಣು ಮಿಂಚಿತು. ಮೊಟ್ಟೆಗಳ ಪಕ್ಕದಲ್ಲೇ ನಾಲ್ಕೂ ಕಾಲೂರಿದ. "ಇದೋ ಬಂದೆ! ಗಾಳಿಯಣ್ಣಾ, ಎತ್ತು!"

ಕೆಳಗೆ, ಮೇಲೆ.

ಗಾಳಿಯಣ್ಣ ಸುಯ್ ಅಂತ ಅವನನ್ನು ಸುತ್ತಿಕೊಂಡ. ಮೊಟ್ಟೆ ಮೇಲಿನ ಬೂದಿ ಹಾರಿತು. ಚಿಮ್ಮ ಹಾರಲಿಲ್ಲ, ಉಗುರುಗಳಿಂದ ನೆಲ ಕಚ್ಚಿ ಹಿಡಿದಿದ್ದ.

"ಬಾರೋ!"

"ಬಂದೆ, ಕಾಲು ಜೋಮು ಹಿಡಿದಿದೆ."

"ಈಗ?"

"ಬಂದೆ, ಬಾಲ ಸರಿ ಮಾಡ್ಕೋತಿದೀನಿ."

ಕೆಳಗೆ, ಮೇಲೆ. ಕೆಳಗೆ, ಮೇಲೆ.

ಬೂದಿಯ ಜೊತೆ ಕಿಡಿಗಳೂ ಬೀಳುತ್ತಿದ್ದವು. ಕಿಡಿ ತಾಗಿದಲ್ಲೆಲ್ಲ ರೆಕ್ಕೆ ಸುಟ್ಟ ಹಪ್ಪಳದ ಹಾಗೆ ಮುದುರಿತು. ಚಿಮ್ಮ ಹಲ್ಲು ಕಚ್ಚಿ, "ಬಂದೆ ಅಣ್ಣಾ, ಬಂದೆ" ಅಂದ.

ಟಕ್! ಮೊಟ್ಟೆಗಳು ಒಡೆದವು. ಅಜ್ಜಿಯ ಮಫ್ಲರನ್ನೇ ಮೈತುಂಬ ಹೊದ್ದಂಥ ಮರಿಗಳು ಹೊರಬಂದವು. ಗುಡ್ಡಜ್ಜಿ ನೋಡಿದಳು, ನಕ್ಕಳು, ಕಣ್ಣು ಮುಚ್ಚಿದಳು. ಈ ಸಲ ಕೆರೆ ತುಳುಕಲಿಲ್ಲ.

"ಈಗಲಾದ್ರೂ ಎತ್ತಲೇನೋ?" ಅಂದ ಗಾಳಿಯಣ್ಣ.

ಚಿಮ್ಮ ತಿರುಗಿ ತನ್ನ ಬೆನ್ನು ನೋಡಿಕೊಂಡ. ಎತ್ತುವುದಕ್ಕೆ ರೆಕ್ಕೆಯೇ ಉಳಿದಿರಲಿಲ್ಲ.

"ಏನಿಲ್ಲ ಅಣ್ಣ," ಅಂದ, "ಬೆನ್ನು ತುರಿಸ್ತಿತ್ತು. ಇವರನ್ನ ಕರ್ಕೊಂಡು ಹೋಗು."

ಗಾಳಿಯಣ್ಣ ಬೈಯಲಿಲ್ಲ. ಪುಕ್ಕ ಹಿಡಿದು ಮರಿಗಳನ್ನು ಎತ್ತಿಕೊಂಡ. ಅವುಗಳ ಮಕ್ಕಳು ಮರಿಮಕ್ಕಳೇ ಈಗಿನ ಹಕ್ಕಿಗಳು.

ಚಿಮ್ಮನ ಮಕ್ಕಳು ಮರಿಮಕ್ಕಳು ನೆಲದಲ್ಲೇ ಉಳಿದರು. ಅದಕ್ಕೇ, ಬೇಲಿ ಮೇಲೆ ಓತಿಕ್ಯಾತ ಕೆಳಗೆ ಮೇಲೆ ಮಾಡೋದು ಕಂಡರೆ ಕಲ್ಲು ಹುಡುಕಬೇಡ, ಸುಮ್ಮನೆ ನಿಲ್ಲು. ಕೆನ್ನೆಗೆ ಒಂಚೂರು ಗಾಳಿ ತಾಕುತ್ತಲ್ಲ, ಅದು ಇವತ್ತಿಗೂ ಆ ಕರೆ ನಂಬಿಕೊಂಡು ಓಡಿ ಬರೋ ಗಾಳಿಯಣ್ಣ.