ಬರೀ ಮಾತು ಯಾರನ್ನ ತಡೆಯುತ್ತೆ?

ಸಾಫ್ಟ್‌ಬಾಲ್ ಫೈನಲ್. ಗೆಲುವಿನ ರನ್ನಿಗೆ ಓಡುತ್ತಿದ್ದ ಹುಡುಗಿಗೆ ಎದುರು ತಂಡದವಳೊಬ್ಬಳು "ಫೌಲ್, ವಾಪಸ್ ಹೋಗೇ!" ಎಂದು ಸುಳ್ಳೇ ಕೂಗಿದಳು. ಹುಡುಗಿ ತಬ್ಬಿಬ್ಬಾಗಿ ನಿಂತಳು. ಅಷ್ಟರಲ್ಲಿ ಚೆಂಡು ಬಂತು, ಎದುರು ತಂಡ "ಔಟ್" ಎಂದು ಕುಣಿಯಿತು. ಅಂಪೈರ್ ಕಸ್ತೂರಿ ಮಾತ್ರ, "ಕೂಗಿ ತಡೆದಿದ್ದಾರೆ, ರನ್ ಕೊಟ್ಟಿದ್ದೀನಿ" ಎಂದಳು.

ಎದುರು ತಂಡದ ಅಧ್ಯಕ್ಷ ಶಂಭುಲಿಂಗಪ್ಪ ಬಿಳಿ ಪಂಚೆ ಎತ್ತಿಕೊಂಡು ನುಗ್ಗಿದರು. "ಮುಟ್ಟಿದ್ಲೇನಮ್ಮ? ಬರೀ ಮಾತು ಯಾರನ್ನ ತಡೆಯುತ್ತೆ? ಔಟ್ ಕೊಡು, ಇಲ್ಲಾಂದ್ರೆ ಅಂಪೈರಿಂಗ್ ಮರೆತುಬಿಡು!"

ಕಸ್ತೂರಿ ಮೈದಾನದ ಅಂಚಿನ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ ಸರ್, ಹೇಳ್ತೀನಿ."

ಅವರು ಗತ್ತಿನಿಂದ ಹೋಗಿ ಹೊಳೆಯುವ ಕೆಂಪು ಕುರ್ಚಿಯಲ್ಲಿ ಇನ್ನೇನು ಕೂರಬೇಕು, "ಸರ್, ಹಸಿ ಪೇಂಟು!" ಎಂದು ಕಸ್ತೂರಿ ಕೂಗಿದಳು. ಅರ್ಧ ಕೂತವರು ಅರ್ಧದಲ್ಲೇ ನಿಂತರು.

"ಯಾಕೆ ಸರ್? ನಾನು ಮುಟ್ಟಲೇ ಇಲ್ಲವಲ್ಲ!"

ಮೈದಾನ ಗೊಳ್ಳೆಂದಿತು. "ಕೊಟ್ಕೊಳ್ಳಮ್ಮ ನಿನ್ನ ರನ್ನು" ಎಂದು ಅಧ್ಯಕ್ಷರು ಗೊಣಗಿದರು. ಪೇಂಟು ಒಣಗಿದೆ ಎಂದು ಕಸ್ತೂರಿ ಆಣೆ ಮಾಡಿದರೂ, ಬಹುಮಾನ ಹಂಚಿ ಮುಗಿಯುವವರೆಗೆ ಅವರು ಕೂರಲೇ ಇಲ್ಲ.